ವಿಷಯ: ‘ಡಕ್ಟೆಡ್ ಎಸಿ’, ‘ರೈಟ್ ಸೈಜ್’ – ಕನ್ನಡದಲ್ಲಿ ಏನನ್ನೋಣ? (ನಾಳೆ ಬೋರ್ಡು ಪ್ರಿಂಟಿಗೆ)

ಅನುವಾದಕಿ, ಮಂಗಳೂರು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಇಲ್ಲಿನ ಒಂದು ಎಸಿ ಅಂಗಡಿಗೆ ಬೋರ್ಡು ಮತ್ತು ಎರಡು ಪುಟದ ಕರಪತ್ರ ಕನ್ನಡಕ್ಕೆ ಮಾಡಿಕೊಡಬೇಕು. ನಾಳೆ ಹತ್ತು ಗಂಟೆಗೆ ಫ್ಲೆಕ್ಸಿನವನ ಕೈಗೆ ಹೋಗಬೇಕು. ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ. ‘ನಿಮ್ಮ ಮನೆಗೆ ಸರಿಯಾದ ಗಾತ್ರದ ನಾಳೀಕೃತ ಹವಾನಿಯಂತ್ರಕ’ ಅಂತ ಬರೆದೆ. ಅಂಗಡಿಯವರು ಓದಿ, ‘ಮೇಡಂ, ಇದು ಹಾರ್ಟ್ ಆಪರೇಷನ್ನಾ?’ ಅಂತ ಕೇಳಿದರು. ಫಾಲ್ಸ್ ಸೀಲಿಂಗಿನ ಮೇಲೆ ಒಂದೇ ಯಂತ್ರ, ಅಲ್ಲಿಂದ ತಗಡಿನ ದಾರಿಯಲ್ಲಿ ಕೋಣೆ ಕೋಣೆಗೆ ತಂಪು ಗಾಳಿ. ಜನ ಓದುವಂಥ ಪದ ಬೇಕು. ‘ಟನ್’ಗೂ ಏನಾದರೂ ಇದ್ದರೆ ಹೇಳಿ.

ನಿವೃತ್ತ ಮಾಷ್ಟ್ರು, ಉಡುಪಿ:
ನಾಳೀಕೃತ! ಕನ್ನಡದ ಮೇಲೆ ನಿಮಗೆ ಯಾಕಿಷ್ಟು ಸಿಟ್ಟು? ಡಕ್ಟ್ ಬಂದದ್ದು ಒಯ್ಯು, ನಡೆಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ನಮ್ಮಲ್ಲಿ ಒಯ್ಯುವುದು ಯಾವುದು? ದಂಬೆ. ಅಡಿಕೆ ಮರ ಉದ್ದಕ್ಕೆ ಸೀಳಿ, ತಿರುಳು ತೆಗೆದು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರನ್ನು ತೋಟಕ್ಕೆ ತರುತ್ತಿದ್ದೆವಲ್ಲ, ಅದೇ. ‘ಗಾಳಿದಂಬೆ’ ಅನ್ನಿ. ಚರ್ಚೆ ಮುಗಿಯಿತು.

ಬೆಂಗಳೂರಿನ ಒಬ್ಬ ಓದುಗ:
ದಂಬೆ ಅಂದರೆ ಘಟ್ಟದ ಮೇಲೆ ಯಾರಿಗೂ ಗೊತ್ತಾಗಲ್ಲ. ‘ಗಾಳಿಗೊಳವೆ’ ಸಾಕು. ಅಚ್ಚಗನ್ನಡ. ಸಂಸ್ಕೃತ ಬೇಡ, ಇಂಗ್ಲಿಷೂ ಬೇಡ. ‘ಹವಾನಿಯಂತ್ರಕ’ ಮೊದಲು ತೆಗೆಯಿರಿ. ಹವಾ ಅರಬ್ಬಿ, ನಿಯಂತ್ರಕ ಸಂಸ್ಕೃತ. ಕನ್ನಡ ಎಲ್ಲಿದೆ?

ಮಾಷ್ಟ್ರು:
ಬೋರ್ಡು ಹಾಕುವುದು ಮಂಗಳೂರಲ್ಲಿ, ಮಲ್ಲೇಶ್ವರದಲ್ಲಿ ಅಲ್ಲ.

ಎಸಿ ಕೆಲಸದವನು, ಸುರತ್ಕಲ್:
ನಾನು ಇಲ್ಲಿ ಸುಮ್ನೆ ಓದುವವನು. ಇದು ನನ್ನ ಕಸುಬಾದ್ದರಿಂದ ಬರೆಯುತ್ತಿದ್ದೇನೆ. ಮಾಷ್ಟ್ರೇ, ದಂಬೆಯ ಮೇಲ್ಭಾಗ ತೆರೆದಿರುತ್ತದೆ. ಅದರಲ್ಲಿ ಗಾಳಿ ಬಿಟ್ಟರೆ ಅರ್ಧ ದಾರಿಯಲ್ಲೇ ಹೋಯಿತು. ಕೊಳವೆಯೂ ಅಷ್ಟು ಸರಿಯಿಲ್ಲ, ನಾವು ಹಾಕುವುದು ಹೆಚ್ಚಾಗಿ ಚೌಕದ್ದು. ನಮ್ಮ ಹುಡುಗರೂ ಗಿರಾಕಿಗಳೂ ‘ಡಕ್ಟ್’ ಅಂತಲೇ ಹೇಳುವುದು. ಅದನ್ನು ಬಿಡಿ, ನಿಮ್ಮ ಬೋರ್ಡಿನ ನಿಜವಾದ ತಪ್ಪು ‘ಗಾತ್ರ’.

ಗಾತ್ರ ಅಂದ ಕೂಡಲೇ ಗಿರಾಕಿ ಪೆಟ್ಟಿಗೆ ನೋಡುತ್ತಾನೆ. ‘ಇರಲಿ, ಒಂದು ಸೈಜ್ ದೊಡ್ಡದೇ ಹಾಕಿ’ ಅನ್ನುತ್ತಾನೆ. ಡಕ್ಟಿನ ಮಷೀನಿನಲ್ಲಿ ಹಲವು ಕಂಪೆನಿಗಳದ್ದು 5.5 ಟನ್ ಆದ ಮೇಲೆ ಸಿಗುವುದೇ 8.5. ಒಂದು ಮಾತಿಗೆ 3 ಟನ್ ಜಾಸ್ತಿ ಆಯಿತು. ಹಾಗೆ ಹಾಕಿಸಿಕೊಂಡ ಒಂದು ಮನೆಗೆ ಕಳೆದ ಮಳೆಗಾಲ ಹೋಗಿದ್ದೆ. ಹಾಲಿನಲ್ಲಿ 22 ಡಿಗ್ರಿ ತೋರಿಸುತ್ತಿತ್ತು. ಆದರೆ ಸೋಫಾ ಮುಟ್ಟಿದರೆ ಹಸಿ. ಗಾಳಿ ಬರುವ ಜಾಲರಿಯ ಅಂಚಿನಲ್ಲಿ ನೀರಿನ ಹನಿ ಸಾಲಾಗಿ ಕೂತಿತ್ತು. ಕಪಾಟಿನಲ್ಲಿ ಯಜಮಾನರ ಬೆಲ್ಟಿಗೆ ಬೂಷ್ಟು. ಮಷೀನು ನಾಲ್ಕೈದು ನಿಮಿಷ ಓಡಿ ಕಟ್ ಆಗುತ್ತಿತ್ತು. ಕೋಣೆ ತಂಪಾಗುತ್ತದೆ, ಆದರೆ ಗಾಳಿಯ ನೀರು ಇಳಿದು ಹೊರಗೆ ಹೋಗಲು ಸಮಯವೇ ಸಿಗುವುದಿಲ್ಲ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ತಿರುಗಿದರೆ ಕಾಯಿಲಿನ (ಗಾಳಿ ತಣಿಸುವ ಕೊಳವೆ ಸುರುಳಿ) ಮೇಲಿನ ನೀರು ಮತ್ತೆ ಕೋಣೆಗೇ ಬರುತ್ತದೆ. ಬೇಕಾದಷ್ಟೇ ವೇಗಕ್ಕೆ ಇಳಿಯುವ ಇನ್ವರ್ಟರ್ ಎಸಿ ಆದರೂ ಎಷ್ಟು ಕೆಳಗೆ ಇಳಿಯಬಹುದು ಎನ್ನುವುದಕ್ಕೆ ಮಿತಿ ಉಂಟು. ‘ತಂಪು ಉಂಟು, ಸೆಕೆ ಹೋಗಲಿಲ್ಲ’ ಅಂದರು ಅವರು. ಸರಿಯಾದ ಮಾತು.

ಅನುವಾದಕಿ:
ಅಯ್ಯೋ, ಕರಪತ್ರದ ಎರಡನೇ ಪುಟದಲ್ಲಿ ಇದೇ ವಿಷಯ ಉಂಟು! ನಾನು ‘ಆರ್ದ್ರತೆಯ ಅಸಮರ್ಪಕ ನಿವಾರಣೆ’ ಅಂತ ಬರೆದಿದ್ದೆ. ‘ಸೆಕೆ ಹೋಗುವುದಿಲ್ಲ’ ಅಂದರೆ ಸಾಕಲ್ವಾ?

ಬೆಂಗಳೂರು:
ಸೆಕೆ ಅಂದರೆ ಬಿಸಿ. ಆರ್ದ್ರತೆ ಬೇರೆ. ವಿಜ್ಞಾನದ ಪದವನ್ನು ಹೀಗೆ ಸಡಿಲ ಮಾಡಬಾರದು.

ಮಾಷ್ಟ್ರು:
ನೀವು ಏಪ್ರಿಲಿನಲ್ಲಿ ಒಂದು ರಾತ್ರಿ ಮಲ್ಪೆಯಲ್ಲಿ ಕಳೆಯಿರಿ. ಆಮೇಲೆ ಸೆಕೆಯ ಅರ್ಥ ಬರೆಯಿರಿ. ಅಂಗಿ ಮೈಗೆ ಅಂಟುವುದು ಬರೀ ಬಿಸಿಯಿಂದ ಅಲ್ಲ. ಅಂದ ಹಾಗೆ, ಅಚ್ಚಗನ್ನಡದವರೇ, ಎಸಿ ಹಾಕುವಾಗ ಮುಚ್ಚುವುದು ಏನನ್ನು? ಕಿಟಕಿ ಹಿಂದಿಯ ಕಡೆಯದು. ಗವಾಕ್ಷಿ ಸಂಸ್ಕೃತ. ನಮ್ಮ ಜನೇಲು ಪೋರ್ಚುಗೀಸರದ್ದು. ಬಾಲ್ದಿ, ಬಟಾಟೆ, ಚಾವಿ ಎಲ್ಲ ಅವರದ್ದೇ. ಹಿಂದೆ ಕಳಿಸಲು ಹಡಗು ಗೊತ್ತು ಮಾಡುತ್ತೀರಾ?

ಬೆಂಗಳೂರು:
ಹಾಗಾದರೆ ಡಕ್ಟ್ ಬೇಡ, ದಂಬೆ ಬೇಕು ಅಂತ ಹಟ ಹಿಡಿದದ್ದು ಯಾರು?

ಮಣಿಪಾಲದಿಂದ:
ಜಗಳದ ನಡುವೆ ಒಂದು ಮಾತು. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ತನ್ನ ಎಸಿಯನ್ನು ರೂಪಿಸಿದ್ದು 1902ರಲ್ಲಿ. ಹಾಗಾಗಿ ಅಲ್ಲಿ ಹುಡುಕಿ ಫಲವಿಲ್ಲ. ಕ್ಯಾರಿಯರ್ ಅದನ್ನು ಮಾಡಿದ್ದೂ ಬ್ರೂಕ್ಲಿನ್ನಿನ ಒಂದು ಅಚ್ಚುಕೂಟಕ್ಕೆ. ತೇವಕ್ಕೆ ಕಾಗದ ಹಿಗ್ಗಿ ಬಣ್ಣ ಆಚೀಚೆ ಆಗುತ್ತಿತ್ತು. ಯಂತ್ರದ ಮೊದಲ ಕೆಲಸವೇ ಸೆಕೆಯದ್ದು.

‘ಟನ್’ ಮುಟ್ಟಬೇಡಿ. ಅದು ತೂಕ ಅಲ್ಲ ಅಂತ ಒಂದು ಸಾಲು ಬರೆಯಿರಿ, ಸಾಕು. ಮಲ್ಪೆ ಬಂದರಿನಲ್ಲಿ ಬೋಟಿಗೆ ಐಸ್ ತುಂಬುತ್ತಾರಲ್ಲ, ಅಂಥ ಒಂದು ಟನ್ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಅಷ್ಟು ಶಕ್ತಿ. ಅಮೆರಿಕದ ಟನ್ ಅದು, 2,000 ಪೌಂಡು, ಅಂದರೆ ಸುಮಾರು 907 ಕಿಲೊ. ಗಂಟೆಗೆ 12,000 ಬಿಟಿಯು (ಬಿಸಿ ಅಳೆಯುವ ಬ್ರಿಟಿಷ್ ಮಾನ), ಅಂದಾಜು 3.5 ಕಿಲೊವ್ಯಾಟ್. ಟನ್ ಎನ್ನುವ ಪದದ ಮೂಲವೂ ದೊಡ್ಡ ಪೀಪಾಯಿಯ ಹೆಸರೇ.

ಅನುವಾದಕಿ:
ಹಾಗಾದರೆ ‘ಸೈಜ್’ಗೆ ‘ಸಾಮರ್ಥ್ಯ’ ಹಾಕಲಾ?

ಸುರತ್ಕಲ್:
ಸಾಮರ್ಥ್ಯ ಅಂದರೂ ಜಾಸ್ತಿ ಇದ್ದಷ್ಟು ಒಳ್ಳೆಯದು ಅನಿಸುತ್ತದೆ ಅಕ್ಕ. ನಾವು ಮನೆಗೆ ಹೋದರೆ ‘ಅಳತೆ ತೆಗೆಯುವುದು’ ಅನ್ನುತ್ತೇವೆ. ಚದರಡಿ ಒಂದೇ ಅಲ್ಲ. ಪಡುವಣ ಬಿಸಿಲು ಯಾವ ಗೋಡೆಗೆ, ಮೇಲೆ ತಾರಸಿಯೋ ಇನ್ನೊಬ್ಬರ ಮನೆಯೋ, ಗಾಜು ಎಷ್ಟು, ಜನ ಎಷ್ಟು. ಹಂಚಿನ ಮನೆಯಾದರೆ ಸಂದಿಗಳದ್ದೇ ಬೇರೆ ಲೆಕ್ಕ. ಒಂದೇ ಬಿಲ್ಡಿಂಗಿನ ಒಂದೇ ಚದರಡಿಯ ಎರಡು ಫ್ಲಾಟಿಗೆ ಬೇರೆ ಬೇರೆ ಟನ್ ಬರುತ್ತದೆ. ಟೈಲರ್ ಅಂಗಿಗೆ ಅಳತೆ ತೆಗೆದ ಹಾಗೆ. ಅಂಗಿ ದೊಡ್ಡದಾದಷ್ಟು ಒಳ್ಳೆಯದು ಅಂತ ಯಾರೂ ಹೇಳುವುದಿಲ್ಲ.

ಅನುವಾದಕಿ (ರಾತ್ರಿ 11.40):
ಕಳಿಸಿಬಿಟ್ಟೆ. ಬೋರ್ಡು ಹೀಗಿದೆ: ‘ಮನೆಯ ಅಳತೆಗೆ ತಕ್ಕ ಡಕ್ಟ್ ಎಸಿ. ತಂಪೂ ಬೇಕು, ಸೆಕೆಯೂ ಹೋಗಬೇಕು.’ ಕೆಳಗೆ ಸಣ್ಣದಾಗಿ ‘ಉಚಿತ ಅಳತೆ’. ದಂಬೆ ಹಾಕಲಾಗಲಿಲ್ಲ, ಮಾಷ್ಟ್ರು ಬೇಸರ ಮಾಡಬಾರದು.

ಮಾಷ್ಟ್ರು:
ದಂಬೆ ಹೋಗಲಿ. ‘ಉಚಿತ’ ಅಂದರೆ ಮೂಲದಲ್ಲಿ ತಕ್ಕದ್ದು, ಯೋಗ್ಯವಾದದ್ದು. ಪುಕ್ಕಟೆ ಅಲ್ಲ. ತಿದ್ದಿಸಿ.

ಅನುವಾದಕಿ:
ತಕ್ಕ ಅಳತೆ ಅಂತಲೇ ಆಯ್ತಲ್ಲ ಮಾಷ್ಟ್ರೇ. ಎರಡು ಅರ್ಥಕ್ಕೂ ಒಂದೇ ಫ್ಲೆಕ್ಸ್. ತಿದ್ದಿಸುವುದಿಲ್ಲ.