ಬಲ್ಬ್ ಬಿಚ್ಚಿದ್ರ ಬ್ರೇಕ್ ರಿಪೇರಿ ಆಗ್ತದೇನ್ರಿ ಗೌಡ್ರ?

ಕಲಬುರಗಿಯ ಹುಮನಾಬಾದ್ ರಿಂಗ್ ರೋಡಿನ ಬದಿ, ಗ್ಯಾರೇಜಿಗೆ ಅಂಟಿಕೊಂಡ ಚಹಾದಂಗಡಿ. ಬೇವಿನ ನೆರಳಲ್ಲಿ ಒಂದು ಹಳೆಯ ಪಿಕಪ್, ಡಾಲಾದ ಮೂಲೆಯಲ್ಲಿ ಇನ್ನೂ ತೊಗರಿ ಹೊಟ್ಟು. ಸುತ್ತ ನಾಲ್ವರು: ಗಾಡಿ ಗೌಡರದು, ಪಾನಾ ಉಸ್ತಾದರದು, ಮೀಟರ್ ವೈರಿಂಗ್ ಭಾಯ್‌ದು, ಅಭಿಪ್ರಾಯ ಮಾಸ್ತರದು.

"ಉಸ್ತಾದ, ಆ ಹಳದಿ ಎಬಿಎಸ್ ಲೈಟ್ ಅದಲ್ಲ, ಅದರ ಬಲ್ಬ್ ಬಿಚ್ಚಿ ಒಗೀರಿ. ರಾತ್ರಿ ಕಣ್ಣಿಗಿ ಚುಚ್ತದ."

"ಬಲ್ಬ್ ಬಿಚ್ಚಿದ್ರ ಬ್ರೇಕ್ ರಿಪೇರಿ ಆಗ್ತದೇನ್ರಿ ಗೌಡ್ರ? ಮುದುಕಿ ಕೋಳಿ ಬಗಲಾಗ ಇಟ್ಕೊಂಡು ಊರು ಬಿಟ್ಟ ಕಥಿ ಆಯ್ತು ನಿಮ್ದು."

"ಬ್ರೇಕ್ ಬರಾಬರ್ ಹಿಡೀತದಲ್ಲ!"

"ಹಿಡೀತದ್ರಿ. ಹಳದಿ ಒಂದೇ ಹತ್ತಿದ್ರ ಸಾದಾ ಬ್ರೇಕ್ ಇದ್ದೇ ಇರ್ತದ, ಜೋರ ಒತ್ತಿದಾಗ ಗಾಲಿ ಜಾಮ್ ಆಗದಂಗ ಕಾಯೋ ಎಬಿಎಸ್ ಅಷ್ಟೇ ರಜಾ ಹಾಕ್ಯದ. ಅದರ ಜೋಡಿ ಕೆಂಪು ಲೈಟೂ ಹತ್ತಿದ್ರ ಗಾಡಿ ಅಲ್ಲೇ ನಿಲ್ಸಬೇಕು. ಬ್ರೇಕ್ ಆಯಿಲ್ ಇಳದಿರ್ತದ, ಇಲ್ಲಂದ್ರ ಹಿಂದ-ಮುಂದ ಬ್ರೇಕ್ ಹಂಚೋ ಇಬಿಡಿ ಸುದ್ದಾ ಹೋಗಿರ್ತದ. ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗೂರ. ಜೋರ ಒತ್ತಿದ್ರ ಹಿಂದಿನ ಗಾಲಿ ಮೊದಲ ಜಾಮ್ ಆಗಿ, ಗಾಡಿ ಬಂದ ದಾರಿಗೇ ಮುಖ ಮಾಡ್ತದ."

ಮಾಸ್ತರು ಫೋನಿನಿಂದ ತಲೆ ಎತ್ತಿದರು. "ಗಾಲಿ ಸ್ಪೀಡ್ ಅಳ್ಯೋ ಸೆನ್ಸರ್ ಹೋಗ್ಯದ. ನಾಲ್ಕೂ ಹೊಸಾವು ಹಾಕ್ರಿ, ಮುಗೀತು."

"ಒಬ್ಬ ಹುಡುಗ ಫೇಲ್ ಆದ್ರ ಇಡೀ ಕ್ಲಾಸಿಗಿ ಟಿಸಿ ಕೊಡ್ತೀರೇನ್ರಿ ಮಾಸ್ತರ?" ವೈರಿಂಗ್ ಭಾಯ್ ಮೀಟರ್ ತೆಗೆದ. "ಮೊದಲ ಬ್ಯಾಟರಿ. ಬಂದ್ ಗಾಡಿಗಿ 12.6 ವೋಲ್ಟ್ ಆಸುಪಾಸು, ಚಾಲೂ ಆದ್ರ 13.8ರಿಂದ 14.4. ಕರೆಂಟ್ ಬಿದ್ರ ಎಬಿಎಸ್ ಕಂಪ್ಯೂಟರ್ ಎಲ್ಲಾಕಿಂತ ಮೊದಲ ಮುನಿಸ್ಕೊಂತದ. ಆಮ್ಯಾಲ ಬಾನೆಟ್ ಕೆಳಗಿನ ದೊಡ್ಡ ಫ್ಯೂಜ್. ಪಂಪಿಗೊಂದು, ವಾಲ್ವಿಗೊಂದು ಇರ್ತದ. ಕಣ್ಣಿಲೆ ನೋಡಿ 'ಛಲೋ ಅದ' ಅನಬ್ಯಾಡ್ರಿ, ಎರಡೂ ಕಾಲಿಗಿ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡ್ರಿ. ಕಡೀಕ ಅರ್ಥಿಂಗ್ ಬೋಲ್ಟ್. ಲೋಡಿನಾಗ ಬ್ಯಾಟರಿ ಮೈನಸ್‌ಗೂ ಅದಕ್ಕೂ ನಡು 0.2 ವೋಲ್ಟಿಗಿಂತ ಹೆಚ್ಚು ತೋರ್ಸಿದ್ರ ತುಕ್ಕು ತಿಕ್ಕಬೇಕು."

ಮೂರೂ ಪಾಸು. ಆಯಿಲ್ ಡಬ್ಬಿಯೂ ಮ್ಯಾಕ್ಸ್ ಗೆರೆಗೆ ಹತ್ತಿರ.

"ನಮ್ಮ ಅಳಿಯ ಒಂದು ನೀಲಿ ಸ್ಕ್ಯಾನರ್ ಡಬ್ಬಿ ತಂದಾನ," ಗೌಡರ ಹೆಮ್ಮೆ. "ಅದರಾಗ ಏನೂ ತಪ್ಪಿಲ್ಲಂತ ಬಂದದ."

"ಅದು ಇಂಜಿನ್ನಿನ ಪಿ ಕೋಡ್ ಅಷ್ಟೇ ಓದ್ತದ್ರಿ. ಬ್ರೇಕಿಂದು ಸಿ ಕೋಡ್, ಅದಕ್ಕ ಎಬಿಎಸ್ ಓದೋ ಸ್ಕ್ಯಾನರ್ ಬೇಕು." ಉಸ್ತಾದರು ತಮ್ಮದನ್ನು ಚುಚ್ಚಿದರು. "ನೋಡ್ರಿ, ಸಿ0035. ಮುಂದಿನ ಎಡಗಾಲಿ ಸರ್ಕ್ಯೂಟ್. ಎಡ-ಬಲ ಅಂದ್ರ ಸೀಟಿನಾಗ ಕೂತವನ ಎಡ-ಬಲ. ಗಾಡಿ ಎದುರಿಗಿ ನಿಂತು ಬಲಗಾಲಿ ಬಿಚ್ಚಿ ಕೂತವ್ರು ಭಾಳ ಮಂದಿ ಅದಾರ."

"ಅಂದ್ರ ಸೆನ್ಸರ್ ಹೋಗ್ಯದ!" ಮಾಸ್ತರು ಎದ್ದೇ ನಿಂತರು.

"ಕೂಡ್ರಿ. ಕೋಡು ಓಣಿ ಹೆಸರು ಹೇಳ್ತದ, ಮನಿ ನಂಬರ್ ಹೇಳಂಗಿಲ್ಲ. ಆ ಓಣ್ಯಾಗ ಸೆನ್ಸರ್, ಅದರ ವೈರು, ಕನೆಕ್ಟರ್, ಹಲ್ಲಿನ ರಿಂಗು, ಬೇರಿಂಗು ಎಲ್ಲಾರೂ ಬಾಡಿಗಿಗಿ ಅದಾರ. ಗೌಡ್ರ, ಲೈಟ್ ಹತ್ತೂಕಿಂತ ಮೊದಲ ಇನ್ನೇನರ ಆಗ್ತಿತ್ತೇನು?"

"ನಿಲ್ಲಸ್ಬೇಕಾದ್ರ, ಇನ್ನೇನು ನಿಂತೇ ಬಿಡ್ತು ಅನ್ನೋ ಹೊತ್ತಿಗಿ ಪೆಡಲ್ ಗರ್ ಗರ್ ಅಂತಿತ್ತು. ಗಾಡಿ ಒಂದು ಮಾರು ಮುಂದ ಹೋಗಿ ನಿಲ್ತಿತ್ತು."

"ಹಂಗ ಹೇಳ್ರಿ! ಒಮ್ಮೆಗೇ ಜೋರಾಗಿ ಒತ್ತಿದಾಗ, ಇಲ್ಲಾ ಸಡಿಲ ಖಡಿ ಮ್ಯಾಲ ಗರ್ ಅಂದ್ರ ಅದು ಎಬಿಎಸ್ ಡ್ಯೂಟಿ. ಒಣ ಡಾಂಬರಿನ ಮ್ಯಾಲ ಹತ್ತು ಕಿಲೋಮೀಟರ್ ಸ್ಪೀಡಿನಾಗ, ಹಗೂರ ಒತ್ತಿದ್ರೂ ಗರ್ ಅಂದ್ರ ಸುಳ್ಳು ಡ್ಯೂಟಿ. ಹಳೇ ಸೆನ್ಸರಿನಾಗ ಆಯಸ್ಕಾಂತ, ಸುತ್ತ ತಂತಿ. ಎದುರಿಗಿ ಹಲ್ಲಿನ ರಿಂಗ್ ತಿರುಗಿದ್ರ ಕರೆಂಟ್ ಹುಟ್ತದ. ಗಾಲಿ ಸಾವಕಾಶ ಆದಂಗ ಆ ಕರೆಂಟೂ ಬಡಕಲಾಗ್ತದ. ಸೆನ್ಸರಿಗೂ ರಿಂಗಿಗೂ ನಡುವಿನ ಸಂದು ಮಿಲಿಮೀಟರಿನ ಲೆಕ್ಕ, ಹೆಚ್ಚಂದ್ರ ಒಂದೂವರಿ. ಕೂಡೋ ಜಾಗದಾಗ ತುಕ್ಕು ಉಬ್ಬಿ ಸೆನ್ಸರ್ ಮ್ಯಾಲ ಎದ್ರ ಸಂದು ಹೆಚ್ಚಾಗಿ, ಸಾವಕಾಶ ಹೋಗ್ವಾಗ ಸಿಗ್ನಲ್ ಸತ್ತೇ ಹೋಗ್ತದ. ಕಂಪ್ಯೂಟರ್ 'ಗಾಲಿ ಜಾಮ್ ಆಯ್ತು' ಅಂತ ತಿಳ್ಕೊಂಡು ಬ್ರೇಕ್ ಬಿಡಸ್ತದ."

"ಇದು ನಂಗೊತ್ತು," ಮಾಸ್ತರು ಕೈ ಎತ್ತಿದರು. "ಅಮೆರಿಕಾದಾಗ ಬರ್ಫ್ ಕರಗಸ್ಲಾಕ ರೋಡಿಗಿ ಉಪ್ಪು ಚೆಲ್ತಾರ. 1999ರಿಂದ 2002ರ ತನಕದ ಜನರಲ್ ಮೋಟರ್ಸ್ ಪಿಕಪ್‌ಗಳಿಗಿ ಇದೇ ತುಕ್ಕು ಹತ್ತಿ, 2005ರಾಗ ಅಲ್ಲಿನ ಚಳಿ ರಾಜ್ಯಗಳಾಗ ಕಂಪನಿನೇ ವಾಪಸ್ ಕರಸ್ತು."

"ನಮ್ಮಲ್ಲಿ ಉಪ್ಪು ಚಟ್ನ್ಯಾಗ ಅಷ್ಟೇ ಬೀಳ್ತದ. ಇಲ್ಲಿ ಎರಿಮಣ್ಣಿನ ಕಾಟ. ಹಸಿ ಹೊಲಕ್ಕ ಇಳದು ಬಂದ್ರ ರಿಂಗಿನ ಹಲ್ಲಿನ ಸಂದ್ಯಾಗ ಮೆತ್ಕೊಂಡು, ಬಿಸಿಲಿಗಿ ಇಟ್ಟಂಗಿ ಆಗ್ತದ. ಆಯಸ್ಕಾಂತದ ತುದಿಗಿ ಡಿಸ್ಕಿನ ಕಬ್ಬಿಣದ ಪುಡಿ ಗಡ್ಡ ಬೆಳಸ್ತದ."

"ಎಬಿಎಸ್ ಫ್ಯೂಜೇ ಕಿತ್ತು ಒಗದ್ರ?" ಗೌಡರಿಗೆ ಕೀಳುವುದರಲ್ಲೇ ಆಸಕ್ತಿ.

"ಪರೀಕ್ಷಾಕ್ಕ ಕೀಳ್ರಿ. ಕಿತ್ತಾಗ ಗರ್ ಗರ್ ನಿಂತ್ರ ತಪ್ಪು ಎಬಿಎಸ್ಸಿಂದೇ ಅಂತ ಖಾತ್ರಿ. ಅಷ್ಟಾದ ಮ್ಯಾಲ ವಾಪಸ್ ಹಾಕ್ಬೇಕು. ಫ್ಯೂಜಿನ ಜೋಡಿ ಇಬಿಡಿನೂ ಹೋಗ್ತದ, ಬಂದ ದಾರಿ ಮುಖದ ಮಾತು ಮರತ್ರೇನು?"

ಹಿಂದಿನ ಗಾಲಿಗೆ ಶಹಾಬಾದ್ ಪರ್ಸಿಯ ತುಂಡು, ಮುಂದೆ ಜ್ಯಾಕು, ಜ್ಯಾಕಿನ ಪಕ್ಕ ಸ್ಟ್ಯಾಂಡು. ಉಸ್ತಾದರು ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿದರು. ಆಟ ಇಲ್ಲ. "ಬೇರಿಂಗಿನಾಗ ಆಟ ಇದ್ರ ರಿಂಗ್ ಓಲಾಡ್ತದ, ಆಗ ಹೊಸ ಸೆನ್ಸರ್ ಹಾಕಿದ್ರೂ ಅದೇ ರಾಮಾಯಣ. ಹೊಸ ಗಾಡಿಗಳಾಗ ಬೇರಿಂಗಿನ ಒಂದು ಬದಿ ಸೀಲಿನಾಗೇ ಆಯಸ್ಕಾಂತದ ಪಟ್ಟಿ ಇರ್ತದ. ಉಲ್ಟಾ ಕೂಡಿಸಿದ್ರ ಗಾಲಿ ಮಸ್ತ್ ತಿರುಗ್ತದ, ಸಿಗ್ನಲ್ ಸೊನ್ನಿ."

ಭಾಯ್ ಚಾವಿ ಬಂದ್ ಮಾಡಿಸಿ ಕನೆಕ್ಟರ್ ಬಿಚ್ಚಿದ. "ಇದು ಹಳೇ ನಮೂನಿದು, ಓಮ್ ನೋಡಬಹುದು. ಹೊಸ ನಮೂನಿ, ಕರೆಂಟ್ ಕೊಟ್ರಷ್ಟೇ ನಡ್ಯೋ 'ಹಾಲ್' ಸೆನ್ಸರ್ ಇದ್ರ ಓಮ್ ಹಚ್ಚಬಾರ್ದು. ಅದಕ್ಕ ಚಾವಿ ಕೊಟ್ಟು ಕನೆಕ್ಟರಿಗಿ ಸಪ್ಲೈ ಬರ್ತದಿಲ್ಲೋ ನೋಡಬೇಕು." ಮೀಟರ್ 1150 ಓಮ್ ತೋರಿಸಿತು. ಬಲಗಾಲಿಯದು 1130. ಎಸಿ ವೋಲ್ಟಿಗೆ ತಿರುಗಿಸಿ ಸೆಕೆಂಡಿಗೆ ಒಂದು ಸುತ್ತಿನಂತೆ ಗಾಲಿ ತಿರುವಿದಾಗ ಎಡಕ್ಕೆ 0.1, ಬಲಕ್ಕೆ 0.4.

"ಸೆನ್ಸರ್ ಬದುಕ್ಯದ, ಉಸಿರು ಕಮ್ಮಿ," ಎಂದ ಭಾಯ್.

"ಸಂದಿಂದು ಆಯ್ತು, ತಗದು ತಿಕ್ಕೂಣು. ಆದ್ರ ಸಂದು ಹೆಚ್ಚಾಗಿದ್ದಕ್ಕ ಗರ್ ಗರ್ ಬರ್ತದ, ಸರ್ಕ್ಯೂಟ್ ಕೋಡ್ ಬಂದದಂದ್ರ ತಂತಿನೂ ಕಡದಿರಬಹುದು. ಗೌಡ್ರ, ಓಮಿಗಿ ಇಟ್ಟೀವಿ, ಸ್ಟೇರಿಂಗ್ ಪೂರಾ ಎಡಕ್ಕ ಎಳೀರಿ."

1150. ಬಲಕ್ಕೆ. ಮೀಟರಿನ ಅಂಕಿ ಹಾರಿ 'ಒಎಲ್' ಆಯಿತು, ಅಂದರೆ ಸರ್ಕ್ಯೂಟ್ ಕಡಿತ. ನೇರ ಮಾಡಿದರೆ ಮತ್ತೆ 1150.

"ಸಿಕ್ತು! ಗಾಲಿ ಹೊರಳಿದಾಗೆಲ್ಲ ಮಡಚಿ ಮಡಚಿ ವೈರಿನ ತಂತಿ ಒಳಗೇ ಕಡದದ, ಮ್ಯಾಲಿನ ರಬ್ಬರ್ ಮದುವಿ ಗಂಡಿನಂಗ ಕಾಣ್ತದ."

"ಟೇಪ್ ಸುತ್ರಿ," ಗೌಡರೆಂದರು.

"ಹೊರಳೋ ಜಾಗದಾಗ ಟೇಪೂ ನಡ್ಯಂಗಿಲ್ಲ, ಸೋಲ್ಡರೂ ನಡ್ಯಂಗಿಲ್ಲ. ಸೋಲ್ಡರ್ ಹಾಕಿದಲ್ಲಿ ವೈರ್ ಬಿರುಸಾಗಿ ಅದರ ಬಾಜೂಕೇ ಕಡೀತದ. ಈ ಗಾಡ್ಯಾಗ ಸೆನ್ಸರೂ ವೈರೂ ಕೂಡಿ ಒಂದೇ ಪಾರ್ಟು. ಎಡಗಾಲಿದೊಂದು ತರಸ್ರಿ. ಹಳೇದನ್ನ ಸುತ್ತಿಗಿಲೆ ಹೊಡದ್ರ ತುದಿ ಒಳಗೇ ಮುರೀತದ, ತುಕ್ಕಿನ ಆಯಿಲ್ ಹೊಡದು ಅರ್ಧ ತಾಸು ಬಿಟ್ಟು, ಆಕಡಿ ಈಕಡಿ ಹೊರಳಿಸಿ ತಗೀಬೇಕು. ಕೂಡೋ ಜಾಗ ಪಾಲಿಶ್ ಪೇಪರಿಲೆ ತಿಕ್ಕಿ, ರಿಂಗಿನ ಹಲ್ಲು ಬ್ರಶ್‌ಲೆ ಸ್ವಚ್ಛ ಮಾಡಿ, ಹೊಸ ವೈರನ್ನ ಕಂಪನಿ ಕೊಟ್ಟ ಕ್ಲಿಪ್ಪಿನಾಗೇ ಹಾಯಿಸಬೇಕು. ಆಮ್ಯಾಲ ಸ್ಟೇರಿಂಗ್ ಎರಡೂ ಕಡಿ ಪೂರಾ ಹೊರಳಿಸಿ, ಟೈರಿಗಿ ತಾಗ್ತದೇನು ನೋಡಬೇಕು. ಕೋಡ್ ಅಳಿಸಿದ್ರೂ ಕೆಲವು ಗಾಡ್ಯಾಗ ಲೈಟ್ ಅಲ್ಲೇ ಆರಂಗಿಲ್ಲ, 15-20 ಸ್ಪೀಡ್ ಹೋದ್ಮ್ಯಾಲ ಆರ್ತದ. ಗಾಬರಿ ಆಗಿ ಬಲ್ಬಿಗಿ ಕೈ ಹಚ್ಚಬ್ಯಾಡ್ರಿ."

ಮಾಸ್ತರು ಚಹಾ ಕಪ್ಪು ಕೆಳಗಿಟ್ಟರು. "ಏನರ ಅನ್ರಿ, ಕಡೀಕ ಹೊಸ ಸೆನ್ಸರೇ ತರಸ್ಬೇಕಾಯ್ತಲ್ಲ. ನಾ ಮೊದಲೇ ಹೇಳಿದ್ದಿಲ್ಲೇನು?"

"ನಾಲ್ಕು ಹೇಳಿದ್ರಿ, ಒಂದು ಬರಾಬರ್ ಬಂತು," ಭಾಯ್ ಮೀಟರಿನ ವೈರು ಸುತ್ತುತ್ತಾ ಅಂದ. "ನೂರಕ್ಕ ಇಪ್ಪತ್ತೈದು. ನಿಮ್ಮ ಸಾಲ್ಯಾಗ ಪಾಸಾಗ್ಲಾಕ ಮೂವತ್ಮೂರು ಬೇಕಲ್ರಿ?"