ಇಂಡೋರ್ ವಾಲಿಬಾಲ್ ಫೋಟೊ: ಮಸುಕು, ಬಣ್ಣಗೇಡು, ಮಗಳ ಬೆನ್ನು

ಪ್ರಶ್ನೆ (ಮಂಡ್ಯದ ಒಬ್ಬ ತಂದೆ):
ಸರ್, ಮಗಳು ಕಾಲೇಜು ಟೀಮಿನಲ್ಲಿ ವಾಲಿಬಾಲ್ ಆಡುತ್ತಾಳೆ. ಮುಂದಿನ ತಿಂಗಳು ಮೈಸೂರಿನ ಚಾಮುಂಡಿ ವಿಹಾರ ಸ್ಟೇಡಿಯಂನಲ್ಲಿ ಮ್ಯಾಚ್ ಇದೆ. ನನ್ನ ಹತ್ತಿರ ಇರೋದು ಕ್ಯಾನನ್ 1500ಡಿ, ಜೊತೆಗೆ ಬಂದ 18-55 ಲೆನ್ಸ್. ಹೋದ ಸಲ ಬೇರೆ ಒಂದು ಹಾಲ್‌ನಲ್ಲಿ ಐಎಸ್‌ಒ 6400 (ಕ್ಯಾಮೆರಾ ಬೆಳಕು ಹಿಡಿಯೋ ಶಕ್ತಿ) ಇಟ್ಟರೂ ಶಟರ್ ವೇಗ 1/125 ಸೆಕೆಂಡ್ ದಾಟಲಿಲ್ಲ. ಕೈ, ಚೆಂಡು ಎಲ್ಲ ಎಳೆದ ಹಾಗೆ ಬಂದಿವೆ. ಒಂದು ಫೋಟೊ ಹಳದಿ, ಅದರ ಪಕ್ಕದ್ದು ಕಂದು. ಅದೂ ಸಾಲದು ಅಂತ ಮಗಳ ಮುಖಕ್ಕಿಂತ ಬೆನ್ನೇ ಜಾಸ್ತಿ ಸಿಕ್ಕಿದೆ. ಕ್ಯಾಮೆರಾ ಬದಲಾಯಿಸಬೇಕಾ?

ಉತ್ತರ (ಮೈಸೂರಿನ ಫೋಟೊಗ್ರಾಫರ್):
ಕ್ಯಾಮೆರಾ ಸದ್ಯಕ್ಕೆ ಬೇಡ ಸರ್. ಲೆನ್ಸ್ ಬದಲಾಯಿಸಿ, ಕೂರೋ ಜಾಗ ಬದಲಾಯಿಸಿ. ಅರ್ಧಕ್ಕರ್ಧ ತೊಂದರೆ ಅಲ್ಲೇ ಇದೆ.

ನಿಮ್ಮ 18-55 ಲೆನ್ಸಿನ ಜೂಮ್ ಪೂರ್ತಿ ಎಳೆದರೆ ಎಫ್ 5.6 ಆಗುತ್ತೆ. ಎಫ್ ನಂಬರ್ ಹೆಚ್ಚಾದಷ್ಟೂ ಒಳಗೆ ಬರೋ ಬೆಳಕು ಕಡಿಮೆ. ಹಾಲ್ ಬೆಳಕಿಗೆ ಅದು ಏನೂ ಸಾಲಲ್ಲ. 50 ಎಂಎಂ ಎಫ್ 1.8 ಲೆನ್ಸ್ ಹಾಕಿ, ಎಫ್ 2ಕ್ಕೆ ಇಡಿ. 8 ಪಟ್ಟು ಬೆಳಕು ಒಳಗೆ ಬರುತ್ತೆ. ಅದೇ ಹಾಲ್, ಅದೇ ಐಎಸ್‌ಒ 6400, ಶಟರ್ ಮಾತ್ರ 1/125 ಇದ್ದದ್ದು 1/1000 ಆಗುತ್ತೆ. ಸ್ಮ್ಯಾಶ್ ಗಂಟೆಗೆ 72 ಕಿ.ಮೀ. ವೇಗದಲ್ಲಿ ಬಂತು ಅಂದುಕೊಳ್ಳಿ. 1/125 ಸೆಕೆಂಡಿನಲ್ಲಿ ಚೆಂಡು 16 ಸೆಂ.ಮೀ. ಮುಂದೆ ಹೋಗಿರುತ್ತೆ. ಚೆಂಡಿನ ಅಗಲವೇ ಸುಮಾರು 21 ಸೆಂ.ಮೀ., ಇನ್ನೆಲ್ಲಿ ದುಂಡಗೆ ಕಾಣುತ್ತೆ? 1/1000ರಲ್ಲಿ ಸರಿಯೋದು 2 ಸೆಂ.ಮೀ. ಅಷ್ಟೇ. ಐಎಸ್‌ಒ 6400ರಲ್ಲಿ ಫೋಟೊ ರವೆ ರವೆಯಾಗಿ ಬರುತ್ತೆ, ಬರಲಿ ಬಿಡಿ. ಆಮೇಲೆ ಅದನ್ನು ಸ್ವಲ್ಪ ನಯ ಮಾಡಬಹುದು. ಕೈ ಅಳಿಸಿದ ಹಾಗಿರೋ ಫೋಟೊಗೆ ಮಾಡೋದು ಏನೂ ಇಲ್ಲ.

ಹಳದಿ, ಕಂದು ಆಗೋದು ನಿಮ್ಮ ತಪ್ಪಲ್ಲ. ನಮ್ಮ ಕರೆಂಟು 50 ಹರ್ಟ್ಜ್. ಹಾಲ್‌ನ ಹಳೇ ದೀಪಗಳು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ, ಕಣ್ಣಿಗೆ ಗೊತ್ತಾಗಲ್ಲ. ಅಗ್ಗದ ಎಲ್‌ಇಡಿಗಳೂ ಹೀಗೇ. ನಿಮ್ಮ 1/125 ಶಟರ್‌ಗೇ ಒಂದು ಏರಿಳಿತ ಪೂರ್ತಿ ಸಿಗಲ್ಲ, 1/1000 ಅಂತೂ ಅದರ ಹತ್ತನೇ ಒಂದು ಪಾಲನ್ನು ಮಾತ್ರ ಹಿಡಿಯುತ್ತೆ. ಏರಿದಾಗ ಒತ್ತಿದರೆ ಒಂದು ಬಣ್ಣ, ಇಳಿದಾಗ ಇನ್ನೊಂದು. ಅನುಮಾನ ಇದ್ದರೆ 1/100ರಲ್ಲಿ ಐದಾರು ಫೋಟೊ ತೆಗೆದು ನೋಡಿ. ಎಲ್ಲ ಒಂದೇ ಥರ ಬಂದರೆ ದೀಪದ್ದೇ ಕಿತಾಪತಿ. ಈಗ ಬರೋ ಎಷ್ಟೋ ಕ್ಯಾಮೆರಾಗಳಲ್ಲಿ ಆ್ಯಂಟಿ-ಫ್ಲಿಕರ್ ಅಂತ ಇರುತ್ತೆ, ದೀಪ ಏರಿದ ಹೊತ್ತಿಗೇ ಶಟರ್ ಬಿಡುತ್ತೆ. ನಿಮ್ಮ ಮಟ್ಟದ ಕ್ಯಾಮೆರಾಗಳಲ್ಲಿ ಅದು ಸಿಗೋದು ಕಡಿಮೆ. ನೀವು ರಾ ಫೈಲ್‌ನಲ್ಲಿ (ಕ್ಯಾಮೆರಾ ಕೈ ಆಡಿಸದ ಕಚ್ಚಾ ಫೋಟೊ) ತೆಗೆದು ಮನೆಯಲ್ಲಿ ಬಣ್ಣ ಸರಿ ಮಾಡಿಕೊಳ್ಳಿ. ತೀರಾ ಕೆಟ್ಟದ್ದನ್ನು ಎಸೆಯಿರಿ. ಮೋಡ್ ಮ್ಯಾನುವಲ್ ಇರಲಿ. ಆಟೋ ಬಿಟ್ಟರೆ ಬಿಳಿ ಜೆರ್ಸಿಯವರು ಎದುರಿಗೆ ಬಂದಾಗೆಲ್ಲ ಫೋಟೊ ಕಪ್ಪಾಗುತ್ತೆ.

ಇನ್ನು ಬೆನ್ನಿನ ವಿಚಾರ. ನೀವು ಮಗಳ ಟೀಮಿನ ಕಡೆಗೇ ಕೂತಿದ್ದಿರಿ, ಅಲ್ವಾ? ಎಲ್ಲ ಅಪ್ಪ ಅಮ್ಮಂದಿರೂ ಅಲ್ಲೇ ಕೂರೋದು. ವಾಲಿಬಾಲ್‌ನಲ್ಲಿ ಆಡೋರ ಮುಖ ಯಾವಾಗಲೂ ನೆಟ್ ಕಡೆಗೆ. ಅದಕ್ಕೇ ಎದುರು ಟೀಮಿನ ಕಡೆ ಹೋಗಿ ಕೂರಿ. ಪ್ರತಿ ಸೆಟ್ ಆದ ಮೇಲೆ ಟೀಮುಗಳು ಕಡೆ ಬದಲಾಯಿಸುತ್ತವೆ, ನೀವೂ ಎದ್ದು ಬದಲಾಯಿಸಿ. ಮಧ್ಯೆ ಮೂರು ನಿಮಿಷ ಇರುತ್ತೆ.

ಕೆಳಗೆ ಕೂತರೆ ಜಂಪ್ ಎತ್ತರ ಕಾಣುತ್ತೆ, ಆದರೆ ಹಿಂದೆ ಚಾವಣಿಯ ದೀಪಗಳು ಬಂದು ಕೂರುತ್ತವೆ. ಗ್ಯಾಲರಿಯಿಂದ ತೆಗೆದರೆ ಹಿನ್ನೆಲೆಗೆ ಬರೀ ನೆಲ, ಚೊಕ್ಕ. ಹೆಂಗಸರ ನೆಟ್ 2.24 ಮೀಟರ್ ಎತ್ತರ. ಅದರ ಬಿಳಿ ಪಟ್ಟಿ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಇಳಿಯುವಷ್ಟು ಮೇಲಿನ ಸಾಲು ಹತ್ತಿ. ಆಗ ನೆಟ್ ಮೇಲೆ ಕೈ ಎತ್ತಿ ಬ್ಲಾಕ್ ಮಾಡೋರ ಹತ್ತು ಬೆರಳೂ, ಅದರಾಚೆ ನಿಮ್ಮ ಮಗಳ ಕಣ್ಣೂ ಒಟ್ಟಿಗೆ ಸಿಗುತ್ತೆ. ಫೋಕಸ್‌ಗೆ ನಡುವಿನ ಒಂದೇ ಪಾಯಿಂಟ್ ಸಾಕು, ಏಐ ಸರ್ವೋದಲ್ಲಿ ಇಡಿ, ಆಡೋರು ಓಡಿದ ಹಾಗೆ ಫೋಕಸ್ ಹಿಂಬಾಲಿಸುತ್ತೆ. ಎಲ್ಲ ಪಾಯಿಂಟೂ ಬಿಟ್ಟರೆ ಅದು ಮುಖ ಬಿಟ್ಟು ನೆಟ್ಟನ್ನೇ ಹಿಡಿಯುತ್ತೆ.

ಮುಖ್ಯವಾದದ್ದು ಇನ್ನೊಂದಿದೆ. ಚೆಂಡಿನ ಹಿಂದೆ ಓಡಬೇಡಿ. 1500ಡಿ ಸೆಕೆಂಡಿಗೆ ಮೂರೇ ಫೋಟೊ ತೆಗೆಯೋದು. ಎರಡು ಫೋಟೊ ನಡುವೆ ಆ ಸ್ಮ್ಯಾಶ್ 6 ಮೀಟರ್‌ಗಿಂತ ದೂರ ಹೋಗಿರುತ್ತೆ. ಬಟನ್ ಒತ್ತಿ ಹಿಡಿದು ದೇವರ ಮೇಲೆ ಭಾರ ಹಾಕಿದರೆ ಚೆಂಡಿಲ್ಲದ ಫೋಟೊಗಳೇ ಬರೋದು. ಸೆಟ್ಟರ್ ನೋಡಿ, ಅಂದರೆ ಸ್ಮ್ಯಾಶ್‌ಗೆ ಚೆಂಡು ಎತ್ತಿ ಕೊಡೋಳನ್ನು. ಅವಳ ಕೈಯಿಂದ ಚೆಂಡು ಯಾವ ಕಡೆ ಹೊರಟಿತು ಅಂತ ಕಂಡ ಕೂಡಲೇ ಕ್ಯಾಮೆರಾ ಸ್ಮ್ಯಾಶ್ ಮಾಡೋಳ ಮೇಲೆ. ಅವಳು ಎಗರುತ್ತಾಳೆ, ಎಡಗೈ ಚೆಂಡಿನ ಕಡೆ ಏಳುತ್ತೆ, ಬಲಮೊಣಕೈ ಕಿವಿಯ ಹಿಂದೆ ಹೋಗುತ್ತೆ. ಆ ಮೊಣಕೈ ಮುಂದಕ್ಕೆ ಹೊರಟ ಗಳಿಗೆಯಲ್ಲೇ ಒಂದು ಸಲ ಒತ್ತಿ. ಚೆಂಡು ಕೈಗೆ ತಗುಲಿದ ಮೇಲೆ ಒತ್ತಿದರೆ ತಡವಾಯಿತು.

ಪ್ರಶ್ನೆ (ಪಿ.ಇ. ಮೇಷ್ಟ್ರು ಒಬ್ಬರು):
ಎದುರು ಕಡೆ ಕೂರಿ ಅಂತ ಹೇಳಿಬಿಟ್ಟರೆ ಎಲ್ಲರೂ ಎಂಡ್ ಲೈನ್‌ಗೇ ಬಂದು ಕೂರುತ್ತಾರೆ. ಸರ್ವಿಸ್ ಮಾಡೋಳಿಗೆ ಹಿಂದೆ ಜಾಗ ಬೇಡವಾ? ನಾನು ಎಬ್ಬಿಸಿ ಕಳಿಸುತ್ತೀನಿ. ಆಮೇಲೆ ಫ್ಲ್ಯಾಶ್ ಬೇರೆ.

ಉತ್ತರ:
ಎಬ್ಬಿಸೋದು ಸರಿಯೇ ಮೇಷ್ಟ್ರೇ. ಕೋರ್ಟ್ ಸುತ್ತ ಕಡಿಮೆ ಅಂದರೂ 3 ಮೀಟರ್ ಖಾಲಿ ಬಿಡಬೇಕು, ಫೋಟೊ ತೆಗೆಯೋರು ಅದರಾಚೆಗೇ. ಮೊದಲು ರೆಫರಿಯನ್ನೋ ನಿಮ್ಮಂಥವರನ್ನೋ ಕೇಳಿ ಕೂರೋದು ಒಳ್ಳೇದು. ಇಬ್ಬರೇ ಲೈನ್ ಜಡ್ಜ್ ಇದ್ದರೆ ಎರಡು ಮೂಲೆ ಖಾಲಿ ಇರುತ್ತೆ, ಆ ಮೂಲೆ ಹಿಡಿಯಬಹುದು. ಫ್ಲ್ಯಾಶ್ ಖಂಡಿತ ಬೇಡ. ಚೆಂಡು ಎತ್ತೋಳ ಕಣ್ಣಿಗೆ ಹೊಡೆಯುತ್ತೆ.

ಪ್ರಶ್ನೆ (ಮೈಸೂರಿನ ಒಬ್ಬ ವಿದ್ಯಾರ್ಥಿ):
ಅಣ್ಣಾ, ನನ್ನ ಹತ್ತಿರ ಮೊಬೈಲ್ ಬಿಟ್ಟು ಬೇರೇನಿಲ್ಲ. ಆಗಲ್ವಾ?

ಉತ್ತರ:
ಸ್ಮ್ಯಾಶ್ ಕಷ್ಟ ಮರಿ. ಬ್ಲಾಕ್ ತೆಗಿ. ಜಂಪ್‌ನ ತುದಿಯಲ್ಲಿ ಮೈ ಒಂದು ಕ್ಷಣ ನಿಂತ ಹಾಗಿರುತ್ತೆ, ಪ್ರೊ ಮೋಡ್‌ನಲ್ಲಿ 1/320 ಇಟ್ಟರೂ ನಡೆಯುತ್ತೆ. ಮೇನ್ ಲೆನ್ಸ್ ಬಿಟ್ಟು ಜೂಮ್‌ಗೆ ಹೋಗಬೇಡ, ಹತ್ತಿರ ಹೋಗು. ಟೈಮ್‌ಔಟ್ 30 ಸೆಕೆಂಡ್ ಇರುತ್ತೆ. ಕೋಚ್ ಬೈಯೋದು, ಹುಡುಗೀರು ಬಾಟಲಿ ಕಚ್ಚಿಕೊಂಡು ತಲೆ ಆಡಿಸೋದು, ಅದಕ್ಕೆ 1/100 ಸಾಕು, ಬಣ್ಣವೂ ಒಂದೇ ಥರ ಬರುತ್ತೆ. ಪಾಯಿಂಟ್ ಬಂದ ಮೇಲೆ ಎಲ್ಲ ಚೆಂಡು ಬಿದ್ದ ಕಡೆ ಫೋನ್ ತಿರುಗಿಸುತ್ತಾರೆ. ನೀನು ಗೆದ್ದವರ ಕಡೆ ತಿರುಗಿಸು.

ಪ್ರಶ್ನೆ (ಮೊದಲು ಕೇಳಿದವರು):
50 ಎಂಎಂ ತಗೊಳ್ಳುತ್ತೀನಿ ಸರ್. ಗ್ಯಾಲರಿಗೆ ಅದು ಚಿಕ್ಕದಾಗಲ್ವಾ? 70-200 ಎಫ್ 2.8 ಜೂಮ್ ಲೆನ್ಸಿನ ರೇಟು ಕೇಳಿ ಸುಮ್ನಾದೆ.

ಉತ್ತರ:
ಮುಂದಿನ ಸಾಲುಗಳಿಂದ ಪರವಾಗಿಲ್ಲ, ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಅದರಲ್ಲಿ 50 ಎಂಎಂ ಅಂದರೆ 80 ಎಂಎಂ ಲೆನ್ಸಿನಷ್ಟು ಹತ್ತಿರ ಕಾಣುತ್ತೆ. ಹಿಂದೆ ಕೂತರೆ 85 ಎಫ್ 1.8 ಬೇಕು. ಆದರೆ ಆ 85ರಲ್ಲಿ 8 ಮೀಟರ್ ದೂರಕ್ಕೆ ಎಫ್ 2 ಇಟ್ಟರೆ ಮುಕ್ಕಾಲು ಮೀಟರಿಗಿಂತ ಕಡಿಮೆ ಆಳ ಮಾತ್ರ ಚೂಪಾಗಿರುತ್ತೆ, ಫೋಕಸ್ ಹುಷಾರು. 70-200 ಕೊಳ್ಳಬೇಡಿ. ಮದುವೆ ಫೋಟೊ ತೆಗೆಯೋ ಪರಿಚಯದವರು ಮಂಡ್ಯದಲ್ಲೇ ಇರುತ್ತಾರಲ್ಲ, ಮುಹೂರ್ತ ಇಲ್ಲದ ದಿನ ಬಾಡಿಗೆಗೆ ಕೇಳಿ. ಆಷಾಢದಲ್ಲಿ ಕೇಳಿದರಂತೂ ಯಾರೂ ಇಲ್ಲ ಅನ್ನಲ್ಲ. ಎಫ್ 2.8ರಲ್ಲಿ 50 ಎಂಎಂಗಿಂತ ಅರ್ಧ ಬೆಳಕು ಬರುತ್ತೆ, ಶಟರ್ 1/500ಕ್ಕೆ ಇಳಿಸಿಕೊಳ್ಳಿ.