ಪ್ರಿಂಟರ್ ತಗೊಳ್ಳೋದಾ ಬೇಡ್ವಾ? ನೀವು ಏನಾದ್ರೂ ಕೊಳ್ಳೋ ಮುಂಚೆ ಹೆಂಗೆ ಲೆಕ್ಕ ಹಾಕ್ತೀರಾ?

ಕೈಬಿಗಿ:
ಎಲ್ರಿಗೂ ನಮಸ್ಕಾರ. ಈ ವರ್ಷ ಸುಮ್ಸುಮ್ನೆ ಖರ್ಚು ಮಾಡ್ಬಾರ್ದು ಅಂತ ಮನೇಲಿ ತೀರ್ಮಾನ ಆಗಿದೆ, ಅದಕ್ಕೇ ಏನೇ ತಗೊಳ್ಳೋದಿದ್ರೂ ಮೊದ್ಲು ಒಂದು ಪಟ್ಟೀಲಿ ಬರೆದಿಟ್ಟು ಒಂದು ತಿಂಗಳು ಕಾಯ್ತೀವಿ. ಬಟ್ಟೆ, ಇಯರ್‌ಫೋನ್ ತರದ್ದಕ್ಕೆಲ್ಲ ಇದು ಚೆನ್ನಾಗಿದೆ, ತಿಂಗಳು ಕಳೆಯೋಷ್ಟ್ರಲ್ಲಿ ಬೇಕು ಅಂತಿದ್ದಿದ್ದೇ ಮರ್ತೋಗಿರುತ್ತೆ. ಆದ್ರೆ ಕೆಲವು ಐಟಂ ಎಷ್ಟು ಕಾದ್ರೂ ತಲೆಯಿಂದ ಇಳಿಯಲ್ಲ, ಈಗ ಪ್ರಿಂಟರ್ ಹಂಗೇ ಕೂತ್ಬಿಟ್ಟಿದೆ. ಮಕ್ಕಳ ಪ್ರಾಜೆಕ್ಟು, ಅರ್ಜಿ ಫಾರಂ, ಆಗಾಗ ಟಿಕೆಟ್ಟು, ಪ್ರತಿ ಸಲ ಹೊರಗಡೆ ಹೋಗಿ ಹಾಕ್ಸ್ಕೊಂಡು ಬರೋದು ಯಾರು ಅಂತ ಮನೆಯವರ ವಾದ. ಇಂಕ್‌ಜೆಟ್ ಡಿಸ್ಕೌಂಟಲ್ಲಿದೆ, ಲೇಸರ್ ದುಬಾರಿ. ಬೆಲೆನ ಬಳಸೋ ಸಲಗಳಿಂದ ಭಾಗಿಸಿ ನೋಡಿ ಅಂತಾರಲ್ಲ, ಹಂಗೆ ನೋಡಿದ್ರೆ ನಂಗೆ ಯಾವ್ದೂ ದುಬಾರಿ ಅನ್ಸೋದೇ ಇಲ್ಲ!! ನೀವೆಲ್ಲ ಹೆಂಗೆ ಮಾಡ್ತೀರಾ?

ಹಳೇಸ್ಕ್ರೂಡ್ರೈವರ್:
ಭಾಗಾಕಾರ ಸರಿ ಇದೆ ಸರ್, ಆದ್ರೆ ಕೆಳಗಡೆ ಹಾಕೋ ಸಂಖ್ಯೆ ನಾವೇ ಕಲ್ಪಿಸ್ಕೊಂಡಿದ್ದು. ಕೊಳ್ಳೋ ಆಸೆ ಇದ್ದಾಗ ಯಾರ್ನ ಕೇಳಿದ್ರೂ "ದಿನಾ ಬಳಸ್ತೀನಿ" ಅಂತಾನೇ ಹೇಳೋದು. ಅದಕ್ಕೆ ಮುಂದೆ ಎಷ್ಟು ಬಳಸ್ತೀನಿ ಅಂತ ಕೇಳ್ಕೋಬೇಡಿ, ಹಿಂದೆ ಎಷ್ಟು ಸಲ ಬೇಕಾಗಿತ್ತು ಅಂತ ಎಣಿಸಿ. ನಿಮ್ಮ ಮೇಲ್, ಮೊಬೈಲ್ ಡೌನ್‌ಲೋಡ್ ಫೋಲ್ಡರ್ ತೆಗೆದು ಕಳೆದ ಆರು ತಿಂಗಳಲ್ಲಿ ನಿಜವಾಗ್ಲೂ ಪ್ರಿಂಟ್ ಹಾಕ್ಸಿದ್ದು ಯಾವ್ಯಾವ್ದು, ಯಾವಾಗ ಅಂತ ನೋಡಿ. ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದು ಇಲ್ಲಿ ಮುಖ್ಯ.

ಯಾಕೆ ಅಂದ್ರೆ ಇಂಕ್‌ಜೆಟ್ಟಲ್ಲಿರೋದು ದ್ರವ, ವಾರಗಟ್ಲೆ ಸುಮ್ನೆ ಬಿಟ್ರೆ ನಾಝಲ್‌ಗಳಲ್ಲಿ, ಅಂದ್ರೆ ಇಂಕ್ ಚಿಮ್ಮೋ ಸಣ್ಣ ತೂತುಗಳಲ್ಲಿ, ಒಣಗಿ ಕಟ್ಕೊಳುತ್ತೆ. ಆಮೇಲೆ ಪ್ರಿಂಟಲ್ಲಿ ಬಿಳಿ ಗೆರೆ ಬರುತ್ತೆ, ನೀವು ಆ ತೂತು ಬಿಡ್ಸೋಕೆ ಹೆಡ್ ಕ್ಲೀನಿಂಗ್ ಒತ್ತುತೀರಾ, ಆ ಕ್ಲೀನಿಂಗು ಕೂಡ ಇಂಕ್ ಖರ್ಚು ಮಾಡೇ ಆಗೋದು. ಅಂದ್ರೆ ಒಂದು ಪುಟಾನೂ ಪ್ರಿಂಟ್ ಆಗದೇ ಕಾರ್ಟ್ರಿಡ್ಜ್ ಇಳಿತಾ ಹೋಗುತ್ತೆ. ಲೇಸರಲ್ಲಿ ಟೋನರ್ ಒಣ ಪುಡಿ, ಹಂಗಾಗಿ ತಿಂಗಳುಗಟ್ಲೆ ಬಿಟ್ರೂ ಒಣಗೋ ಪ್ರಶ್ನೆನೇ ಇಲ್ಲ. ಇನ್ನೊಂದು, ಹೊಸ ಮಷೀನ್ ಜೊತೆ ಬರೋ ಕಾರ್ಟ್ರಿಡ್ಜ್ ಎಷ್ಟೋ ಮಾಡಲ್‌ಗಳಲ್ಲಿ ಪೂರ್ತಿ ತುಂಬಿರಲ್ಲ. ಡಬ್ಬಿ ಮೇಲೆ ಇಷ್ಟು ಪುಟ ಅಂತ ಹಾಕಿರ್ತಾರಲ್ಲ, ಕಪ್ಪು ಟೋನರ್‌ಗೆ ಆ ಲೆಕ್ಕ ಪುಟದ ಸುಮಾರು 5% ಜಾಗ ಮಾತ್ರ ಅಚ್ಚಾಗುತ್ತೆ ಅಂತ ಹಿಡ್ದು ಹಾಕಿದ್ದು, ಮಕ್ಕಳ ಪ್ರಾಜೆಕ್ಟಿನ ದೊಡ್ಡ ಚಿತ್ರಕ್ಕೆ ಅದು ಅನ್ವಯ ಆಗಲ್ಲ. ಮಷೀನ್ ಬೆಲೆ ಬಿಟ್ಟು ಎರಡನೇ ಕಾರ್ಟ್ರಿಡ್ಜ್ ಬೆಲೆ ನೋಡಿ ತೀರ್ಮಾನ ಮಾಡಿ.

ಓದುಪ್ರಿಯೆ:
ಮೇಲಿನವರು ಹೇಳಿದ್ದು ಪೂರ್ತಿ ಒಪ್ತೀನಿ. ಒಂದು ವಸ್ತು ಬಂದ್ರೆ ಅದರ ಹಿಂದೆ ಇನ್ನೇನೇನು ಬರುತ್ತೆ ಅಂತಾನೂ ನೋಡ್ಬೇಕು. 18ನೇ ಶತಮಾನದ ಫ್ರೆಂಚ್ ಲೇಖಕ ಡೆನಿ ಡಿಡೆರೊ ಇದ್ರ ಬಗ್ಗೆ ಮಜವಾಗಿ ಬರ್ದಿದ್ದಾನೆ. ಅವನ ಹಳೇ ನಿಲುವಂಗಿ ಹೋಗಿ ಚೆಂದದ ಕೆಂಪು ನಿಲುವಂಗಿ ಬಂತು, ಅದ್ರ ಮುಂದೆ ರೂಮಲ್ಲಿದ್ದ ಸಾಮಾನೆಲ್ಲ ಸಪ್ಪೆ ಕಾಣೋಕೆ ಶುರುವಾಯ್ತು, ಹುಲ್ಲಿನ ಕುರ್ಚಿ ಹೋಗಿ ಚರ್ಮದ ಕುರ್ಚಿ ಬಂತು, ಮೇಜು ಬದಲಾಯ್ತು, ಹಿಂಗೇ ಹೋಯ್ತು. ಗ್ರಾಂಟ್ ಮೆಕ್‌ಕ್ರಾಕೆನ್ ಅನ್ನೋ ಮಾನವಶಾಸ್ತ್ರಜ್ಞ 1988ರಲ್ಲಿ ಇದಕ್ಕೆ ಡಿಡೆರೊ ಎಫೆಕ್ಟ್ ಅಂತ ಹೆಸರಿಟ್ರು. ಪ್ರಿಂಟರ್‌ಗೂ ಅಷ್ಟೇ ನೋಡಿ, ಅದನ್ನಿಡೋಕೆ ಸ್ಟ್ಯಾಂಡು, ಫೋಟೋ ಪೇಪರು, ಆಮೇಲೆ ಲ್ಯಾಮಿನೇಶನ್ ಮಷೀನೂ ಇದ್ರೆ ಚೆನ್ನಾಗಿರುತ್ತೆ ಅಂತ ಯಾರಾದ್ರೂ ಹೇಳೇ ಹೇಳ್ತಾರೆ 😄

ನೇರಮಾತು:
ನಂದು ಸ್ವಲ್ಪ ಬೇರೆ ಅಭಿಪ್ರಾಯ, ಬೈಬೇಡಿ. ಎಲ್ಲದಕ್ಕೂ ತಿಂಗಳು ಕಾಯೋದು ಉಳಿತಾಯ ಅಲ್ಲ ಗುರು. ನಲ್ಲಿ ತೊಟ್ಟಿಕ್ತಿದ್ರೆ ವಾಷರ್ ಇವತ್ತೇ ತರ್ಬೇಕು, ಚಪ್ಪಲಿ ಅಟ್ಟೆ ಸವೆದು ಜಾರೋ ಹಂಗಾದ್ರೆ ಅದಕ್ಕೂ ಪಟ್ಟಿ ಬೇಡ. ಹಾಳಾಗಿರೋದನ್ನ ಸರಿ ಮಾಡೋ ಖರ್ಚು ಬೇರೆ, ಹೊಸದಾಗಿ ಮನೆಗೆ ಒಂದು ಐಟಂ ಸೇರ್ಸೋ ಖರ್ಚು ಬೇರೆ. ಕೆಲವರು ಮೊದಲನೇದಕ್ಕೆ ಜಿಪುಣತನ ಮಾಡ್ತಾರೆ, ಎರಡನೇದಕ್ಕೆ ಆಫರ್ ಬಂತು ಅಂತ ಕಣ್ಮುಚ್ಚಿ ಒತ್ತಿಬಿಡ್ತಾರೆ. "ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕೊಡ್ಬೋದು" ಅನ್ನೋದ್ನೂ ನಂಬ್ಕೋಬೇಡಿ. ಒಂದ್ಸಲ ಕೈಗೆ ಬಂದ್ಮೇಲೆ ನಮ್ದು ಅನ್ನೋ ಕಾರಣಕ್ಕೇ ಅದ್ರ ಬೆಲೆ ಜಾಸ್ತಿ ಅನ್ಸುತ್ತೆ, ಎಕನಾಮಿಸ್ಟ್ ರಿಚರ್ಡ್ ಥೇಲರ್ 1980ರಲ್ಲೇ ಇದನ್ನ ಎಂಡೋಮೆಂಟ್ ಎಫೆಕ್ಟ್ ಅಂತ ಕರ್ದಿದ್ರು. ವಾಪಸ್ ಕೊಡೋಣ ಕೊಡೋಣ ಅಂತಾನೇ ಡೇಟ್ ಮುಗ್ದೋಗಿರುತ್ತೆ. ಆ್ಯಪಲ್ಲಿ ಸೇವ್ ಮಾಡಿರೋ ಕಾರ್ಡ್ ತೆಗೆದುಹಾಕಿ, ಪ್ರತಿ ಸಲ ನಂಬರ್ ಟೈಪ್ ಮಾಡೋ ಹಂಗಿರ್ಲಿ, ಅರ್ಧಕ್ಕರ್ಧ ಆಸೆ ಆ ಬೇಜಾರಲ್ಲೇ ಹೋಗುತ್ತೆ.

ಕೈಬಿಗಿ:
ಎಲ್ರಿಗೂ ಥ್ಯಾಂಕ್ಸ್. ಫೋಲ್ಡರ್ ತೆಗೆದು ನೋಡ್ದೆ. ಪರೀಕ್ಷೆ, ಅಡ್ಮಿಶನ್ ಸಮಯದಲ್ಲಿ ರಾಶಿ ರಾಶಿ ಪ್ರಿಂಟು, ಬಿಟ್ರೆ ಎರಡೆರಡು ತಿಂಗಳು ಏನೂ ಇಲ್ಲ. ಕಲರ್ ಬೇಕಾಗಿದ್ದಂತೂ ತೀರಾ ಕಮ್ಮಿ. ಸ್ಕ್ಯಾನ್ ಮಾಡೋಕೆ ಬೇಕು ಅಂತಿದ್ವಿ, ಅದೆಲ್ಲ ಮೊಬೈಲಲ್ಲೇ ಆಗ್ತಿದೆ. ಹಂಗಾಗಿ ಡಿಸ್ಕೌಂಟಿನ ಇಂಕ್‌ಜೆಟ್ ಕ್ಯಾನ್ಸಲ್, ಮನೆಯವ್ರೂ ಒಪ್ಕೊಂಡ್ರು. ಪರಿಚಯದವ್ರೊಬ್ರು ಬಳಸಿರೋ ಬ್ಲ್ಯಾಕ್ ಅಂಡ್ ವೈಟ್ ಲೇಸರ್ ಒಂದು ಮಾರ್ತಿದ್ದಾರೆ, ಅದ್ರಲ್ಲಿ ಏನು ನೋಡ್ಬೇಕು?

ಹಳೇಸ್ಕ್ರೂಡ್ರೈವರ್:
ಮೊದ್ಲು ಆ ಮಾಡಲ್‌ಗೆ ಟೋನರ್ ಈಗ್ಲೂ ಸಿಗುತ್ತಾ ನೋಡಿ, ಸಿಗದೇ ಹೋದ್ರೆ ಫ್ರೀ ಕೊಟ್ರೂ ಬೇಡ. ಆಮೇಲೆ ಸೆಟ್ಟಿಂಗ್ಸ್ ರಿಪೋರ್ಟ್ ಪ್ರಿಂಟ್ ತೆಗೆಸಿ, ಇಲ್ಲಿವರೆಗೆ ಎಷ್ಟು ಪುಟ ಓಡಿದೆ ಅಂತ ಸಾಮಾನ್ಯವಾಗಿ ಅದ್ರಲ್ಲೇ ಇರುತ್ತೆ. ಒಂದಷ್ಟು ಪುಟ ಒಟ್ಟಿಗೇ ಹಾಕ್ಸಿ, ಪೇಪರ್ ಸಿಕ್ಕಾಕೊಳ್ತಾ ನೋಡಿ. ಉದ್ದಕ್ಕೂ ಕಪ್ಪು ಗೆರೆ ಬರ್ತಿದ್ರೆ ಅಥವಾ ಒಂದೇ ಅಂತರದಲ್ಲಿ ಅದೇ ಚುಕ್ಕೆ ಮತ್ತೆ ಮತ್ತೆ ಬೀಳ್ತಿದ್ರೆ ಡ್ರಮ್ (ಟೋನರ್ ಪುಡಿನ ಪೇಪರ್ ಮೇಲೆ ಕೂರ್ಸೋ ಉರುಳೆ) ಹೋಗಿರೋ ಸಾಧ್ಯತೆ ಜಾಸ್ತಿ. ಕೆಲವು ಮಾಡಲಲ್ಲಿ ಡ್ರಮ್ಮು ಟೋನರ್ ಜೊತೆಗೇ ಬರುತ್ತೆ, ಕೆಲವದ್ರಲ್ಲಿ ಬೇರೆ ಕೊಳ್ಬೇಕು, ಅದ್ರ ರೇಟ್ ಕೇಳ್ಕೊಂಡ್ಮೇಲೆ ಅವ್ರ ಹತ್ರ ಚೌಕಾಸಿಗೆ ಕೂತ್ಕೊಳ್ಳಿ.